ಬಸಿದ ನೀರು

"ಮನೇಲಿ ಅಡುಗೆ ಮಾಡೋದು ಯಾರು?" ಆಹಾರತಜ್ಞೆ ರಕ್ತಪರೀಕ್ಷೆಯ ಕಾಗದದಿಂದ ತಲೆಯೆತ್ತದೆ ಕೇಳಿದಳು.

"ನಾನೇ," ಎಂದಳು ರೋಗಿಯ ಹೆಂಡತಿ.

"ಪೊಟ್ಯಾಸಿಯಂ ಮತ್ತೆ ಏರಿದೆ. ಹೀಗೇ ಏರ್ತಾ ಹೋದ್ರೆ ಇವರ ಹೃದಯಾನೇ ನಿಂತುಹೋಗಬಹುದು. ತರಕಾರಿ ಬೇಯಿಸಿದ ನೀರಿಗೇ ಅದು ಇಳಿದಿರುತ್ತೆ, ಚೆಲ್ಲಿ ಅಂತ ಎಷ್ಟು ಸಲ ಹೇಳಬೇಕಮ್ಮಾ ನಿಮಗೆ?"

ಬಾಗಿಲ ಬಳಿ ಸರದಿಯಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ಅವಳ ಮೈ ಉರಿಯಿತು. ಮೂತ್ರಪಿಂಡ ಕೆಟ್ಟಿದ್ದು ಗಂಡನದು, ಕಟಕಟೆಯಲ್ಲಿ ನಿಂತವಳು ಇವಳು! ನಾಲ್ಕು ತಿಂಗಳಿಂದ ಆಲೂಗಡ್ಡೆ ತೆಳ್ಳಗೆ ಹೆಚ್ಚಿ, ಬೇಯಿಸಿ, ಬಸಿದು, ಉಪ್ಪು ಕಡಿಮೆ ಮಾಡಿ, ಬೆಳ್ಳುಳ್ಳಿ, ಮೆಣಸು, ನಿಂಬೆರಸದಲ್ಲಿ ರುಚಿ ತರಲು ಪಟ್ಟ ಪಾಡು ಅವಳಿಗೇ ಗೊತ್ತು. ಗಂಡನೊಬ್ಬನೇ ಸಪ್ಪೆ ತಿನ್ನಬಾರದೆಂದು ತಾನೂ ಅದನ್ನೇ ತಿನ್ನುತ್ತಿದ್ದಳು. ಮೂವತ್ತು ವರ್ಷ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡಿದ ಆ ಮಹಾರಾಯ ಬಾಯಿಗೆ ಬೀಗ ಹಾಕಿಕೊಂಡು ಫ್ಯಾನು ನೋಡುತ್ತಿದ್ದ. ಅವಳದೇನೂ ತಪ್ಪಿಲ್ಲ ಎಂದಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಮರುದಿನ ಮಧ್ಯಾಹ್ನ ಬಸಿದ ನೀರನ್ನು ಚೆಲ್ಲುವ ಮುನ್ನ ಆರಲೆಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಒಣಗಿದ ಬಟ್ಟೆ ತರಲು ತಾರಸಿಗೆ ಹೋದಳು. ಇಳಿದು ಬಂದು ನೋಡಿದರೆ ಗಂಡ ಆ ಪಾತ್ರೆಯನ್ನೇ ಎತ್ತಿ ಗಟಗಟ ಕುಡಿಯುತ್ತಿದ್ದಾನೆ.

"ರೀ!"

ಅವನು ಒದ್ದೆ ಮೀಸೆ ಒರೆಸಿಕೊಂಡ. "ಸತ್ವ ಎಲ್ಲಾ ಇದರಲ್ಲೇ ಇರೋದು ಕಣೇ. ಬೇಯಿಸಿದ ನೀರು ಚೆಲ್ಲೋನು ಅಡುಗೆಯವನೇ ಅಲ್ಲ. ಕ್ಯಾಂಟೀನಲ್ಲಿ ಒಂದು ಹನಿ ಚೆಲ್ಲಿಲ್ಲ ನಾನು."

"ದಿನಾ ಕುಡೀತಿದ್ರಾ?"

"ನೀನು ತಾರಸಿಗೆ ಹೋದಾಗ," ಎಂದು ಅವನು ಪಾತ್ರೆ ಕೆಳಗಿಟ್ಟ.

"ಆ ಸತ್ವಾನೇ ನಿಮಗೆ ವಿಷ ಅಂತ ಅವರು ಬಡ್ಕೊಂಡಿದ್ದು! ಅಷ್ಟು ಜನರ ಮುಂದೆ ನನ್ನ ಮಾನ ಹೋಗ್ತಿದ್ರೆ ಕಲ್ಲಿನ ಹಾಗೆ ಕೂತಿದ್ರಲ್ಲ! ನಾಳೆ ನೀವು ಹೋಗ್ಬಿಟ್ರೆ, ಹೆಂಡತೀನೇ ತಿನ್ನಿಸಿ ಕೊಂದಳು ಅಂತಾರೆ ಜನ!"

ಆಸ್ಪತ್ರೆಗೆ ಫೋನ್ ಹಚ್ಚಿ ಅವನ ಕಿವಿಗೆ ಹಿಡಿದಳು. "ಹೇಳಿ."

"ಮೇಡಂ... ಆ ನೀರು ನಾನೇ ಕುಡೀತಿದ್ದೆ," ಎಂದ ಅವನು. ಅವಳು ಫೋನ್ ಹಿಡಿದ ಕೈ ತೆಗೆಯಲಿಲ್ಲ. "ಅವಳದೇನೂ ತಪ್ಪಿಲ್ಲ."

ಈಗಲೇ ಬನ್ನಿ, ರಕ್ತ ನೋಡಬೇಕು ಎಂದರು ಆಸ್ಪತ್ರೆಯವರು. ಇಬ್ಬರೂ ಹೋಗಿ ಬಂದರು. ಈ ಸಲ ಆಹಾರತಜ್ಞೆ ತಲೆಯೆತ್ತಿ ಅವಳ ಮುಖ ನೋಡಿಯೇ ಮಾತಾಡಿದಳು.

ಸಂಜೆ ಅವಳು ಆಲೂಗಡ್ಡೆ, ಚಾಕು, ಪಾತ್ರೆ ಅವನ ಮುಂದಿಟ್ಟು ಬಾಗಿಲಿಗೊರಗಿ ನಿಂತಳು. ಅವನು ಹೆಚ್ಚಿದ, ಬೇಯಿಸಿದ, ಬಸಿದ. ಆರಿದ ನೀರಿನ ಪಾತ್ರೆ ಹಿಡಿದು ಸಿಂಕಿನ ಮುಂದೆ ತುಸು ಹೊತ್ತು ನಿಂತ. ಆಮೇಲೆ ಬಗ್ಗಿಸಿದ. ಕೊನೆಯ ಹನಿ ಬೀಳುವವರೆಗೂ ಅವನು ಪಾತ್ರೆಯನ್ನು ಮಗುಚಿ ಹಿಡಿದೇ ಇದ್ದ.