ಆಸಿಡ್ ಕುಡಿದ ನೆಲ

ಲೆಚ್ಚೆ ಊರಿನ ಆ ಕಲ್ಲುಮನೆಯ ನಡುಮನೆಯಲ್ಲಿ ಒಂದು ಮೇಜು, ನಾಲ್ಕು ಕುರ್ಚಿ ಬಿಟ್ಟರೆ ಮತ್ತೇನೂ ಇರಲಿಲ್ಲ. ಸುಣ್ಣದ ಗೋಡೆಗೆ ಒಂದು ಮೊಳೆ ಹೊಡೆಯಲೂ ಎರ್ಸೀಲಿಯಾ ಬಿಡುತ್ತಿರಲಿಲ್ಲ. ನೋಡುವುದೆಲ್ಲ ಕಾಲಡಿಯಲ್ಲೇ ಇತ್ತು. ಟೈಲ್ಸ್ ಕಾರ್ಖಾನೆಯಲ್ಲಿದ್ದ ಅವಳ ಅಪ್ಪ ಅಚ್ಚಿಗೆ ಬಣ್ಣದ ಸಿಮೆಂಟು ಹೊಯ್ದು, ಒತ್ತಿ, ತನ್ನ ಮನೆಗೆಂದೇ ಒಂದೊಂದಾಗಿ ಮಾಡಿದ ನೆಲ ಅದು. ನಡುವೆ ಕೆಂಪು ಹಸಿರು ನಕ್ಷತ್ರಗಳು, ಸುತ್ತ ದ್ರಾಕ್ಷಿಬಳ್ಳಿಯ ಅಂಚು. ನೆಲ ಮಾತಾಡುವಾಗ ಗೋಡೆ ಬಾಯಿ ಮುಚ್ಚಿಕೊಂಡಿರಬೇಕು ಎನ್ನುತ್ತಿದ್ದ ಅವನು.

ತಮ್ಮನ ಹೆಂಡತಿ ಅಸ್ಸುಂತೀನಾಗೆ ಆ ಕೋಣೆ ಕಂಡರಾಗದು.

"ಹೆಣ ಇಡೋ ಕೋಣೆ ಥರ ಇದೆ ಅತ್ತಿಗೆ."

"ನಿನ್ನ ಮನೇಲಿ ಆ ಗಾಜಿನ ಹಂಸಗಳ ಮಧ್ಯೆ ಹೆಣ ಇಡೋಕೂ ಜಾಗ ಇಲ್ವಲ್ಲೇ."

ಮನೆ ಅಕ್ಕ ತಮ್ಮ ಇಬ್ಬರ ಹೆಸರಿನಲ್ಲೂ ಇತ್ತು. ಮಾರೋಣ, ಮಾರೋಣ ಎಂದು ತಮ್ಮ ಒರೊಂಜೊ ಅವಳ ಜೀವ ತಿಂದಿದ್ದ. ಕೊನೆಗೆ ಅಮ್ಮನ ಸಮಾಧಿಯ ಮುಂದೆ ಮಾತಾಯಿತು: ಭಾನುವಾರ ಬರುವ ಮಿಲಾನಿನ ದಂಪತಿ ಒಪ್ಪಿದರೆ ಎರ್ಸೀಲಿಯಾ ಸಹಿ ಹಾಕಬೇಕು, ಅವರು ಬೇಡವೆಂದರೆ ಒರೊಂಜೊ ಸಾಯುವತನಕ ಮಾರುವ ಮಾತೆತ್ತಬಾರದು. ಫೋಟೋದಲ್ಲಿ ನೆಲ ಕಂಡೇ ಅವರು ಹೊರಟು ಬರುತ್ತಿದ್ದಾರೆ ಎಂದು ಒರೊಂಜೊ ಕೊಚ್ಚಿಕೊಂಡ. ಈ ಮನೆ ಬಿಟ್ಟರೆ ಎರ್ಸೀಲಿಯಾಗೆ ಬೇರೆ ದಿಕ್ಕಿರಲಿಲ್ಲ, ಬೇರೆ ಆಸೆಯೂ ಇರಲಿಲ್ಲ.

ಶನಿವಾರ ಬೆಳಗ್ಗೆ ಅಸ್ಸುಂತೀನಾ ಬಕೆಟ್ಟು, ಪೊರಕೆ, ಆಸಿಡ್ ಬಾಟಲಿ ಹಿಡಿದು ಬಂದಳು. ಆ ಊರಿನ ಹೆಂಗಸರಿಗೆ ಕಕ್ಕಸಿಗೂ ಆಸಿಡ್ಡೇ, ಮೆಟ್ಟಿಲಿಗೂ ಆಸಿಡ್ಡೇ. ಮೂಗು ಉರಿಯದಿದ್ದರೆ ಮನೆ ತೊಳೆದಂತೆಯೇ ಅಲ್ಲ. ಆದರೆ ಅಪ್ಪನ ಟೈಲ್ಸು ಬರೀ ಸಿಮೆಂಟು. ನಿಂಬೆರಸ ಬಿದ್ದರೂ ಕಲೆ ಕಚ್ಚುತ್ತದೆಂದು ಎರ್ಸೀಲಿಯಾ ಸೋಪು ನೀರಲ್ಲಿ ಒರೆಸಿ, ಅಗಸೆ ಎಣ್ಣೆ ತಿಕ್ಕಿ ಅದನ್ನು ಸಾಕಿದ್ದಳು.

"ನಾಳೆ ನೆಲ ಥಳಥಳ ಅನ್ಬೇಕು. ನಿಮ್ಮ ಎಣ್ಣೆ ಜಿಡ್ಡೆಲ್ಲ ತೆಗೀತೀನಿ. ಅಡ್ಡ ಬರ್ಬೇಡಿ."

ಬೇಡ ಕಣೇ ಎಂಬ ಮಾತು ಎರ್ಸೀಲಿಯಾಳ ಗಂಟಲಿಗೆ ಬಂತು. ಅಷ್ಟರಲ್ಲೇ ಇನ್ನೊಂದು ಯೋಚನೆಯೂ ಬಂತು. ನೆಲ ಹೋದರೆ ಮಿಲಾನಿನವರು ಹೋಗುತ್ತಾರೆ. ಮನೆ ಉಳಿಯುತ್ತದೆ.

"ನಿನ್ನಿಷ್ಟ" ಎಂದು ಅಡುಗೆಮನೆಗೆ ಹೋದಳು.

ಸುರ್ರೆಂದು ಸದ್ದು ಕೇಳಿಸಿತು.

"ನೋಡ್ಬನ್ನಿ ಅತ್ತಿಗೆ, ಎಷ್ಟು ನೊರೆ! ಎಷ್ಟು ಕಾಲದ ಕೊಳೆ ಎದ್ದು ಬರ್ತಿದೆ!"

ಅದು ಕೊಳೆಯಲ್ಲ, ಅಪ್ಪನ ಸಿಮೆಂಟು ಕರಗುವ ನೊರೆ. ಎರ್ಸೀಲಿಯಾ ಪಾತ್ರೆ ತೊಳೆಯುವ ತೊಟ್ಟಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು.

"ಇನ್ನೂ ಸ್ವಲ್ಪ ಹಾಕು" ಎಂದಳು.

ಭಾನುವಾರದ ಹೊತ್ತಿಗೆ ನೆಲ ಒಣಗಿ ಬಿಳಿಚಿಕೊಂಡಿತ್ತು. ನಕ್ಷತ್ರಗಳು ಬೂದಿಬಣ್ಣಕ್ಕೆ ತಿರುಗಿ, ಬಳ್ಳಿ ಅಲ್ಲಲ್ಲಿ ಅಳಿಸಿಹೋಗಿತ್ತು. ಒರೊಂಜೊ ಹಣೆ ಹಣೆ ಚಚ್ಚಿಕೊಂಡ.

"ನಿನ್ನ ಕೈ ಸೇದಿಹೋಗ! ಏನೇ ಮಾಡಿಟ್ಟೆ ಇದು?"

"ನನ್ನನ್ಯಾಕೆ ಬೈತೀರಿ? ನಿಮ್ಮಕ್ಕಂಗೆ ಗೊತ್ತಿತ್ತು! ಇನ್ನೂ ಹಾಕು ಅಂದ್ಳು, ಮಾಟಗಾತಿ!"

"ಕೇಳಿದ್ರೆ ಹೇಳ್ತಿದ್ದೆ. ನೀನು ಯಾವತ್ತು ಕೇಳಿದ್ದೀಯ?" ಎಂದಳು ಎರ್ಸೀಲಿಯಾ. ಇಬ್ಬರೂ ಕಚ್ಚಾಡುವುದನ್ನು ನೋಡಿ ಅವಳ ಎದೆ ಹಗುರಾಗಿತ್ತು.

ಮಿಲಾನಿನ ಗಂಡ ಹೆಂಡತಿ ಬಂದರು. ಹೆಂಡತಿ ಲುದೊವೀಕಾ ಹೊಸ್ತಿಲಲ್ಲೇ ನಿಂತು ನೆಲವನ್ನೇ ನೋಡಿದಳು. ಒಳಗೆ ಕಾಲಿಡಲಿಲ್ಲ. ಮುಗಿಯಿತು ಎಂದುಕೊಂಡು ಎರ್ಸೀಲಿಯಾ ಬಾಗಿಲು ಮುಚ್ಚಲು ಸಿದ್ಧಳಾದಳು.

"ಫೋಟೋದಲ್ಲಿ ಬಣ್ಣ ಕಣ್ಣಿಗೆ ಹೊಡೀತಿತ್ತು. ಎಲ್ಲಾ ಕಿತ್ತುಹಾಕಿಸ್ಬೇಕಲ್ಲ ಅಂತ ದಾರಿಯುದ್ದಕ್ಕೂ ಚಿಂತೆ ನನಗೆ" ಎಂದಳು ಲುದೊವೀಕಾ. "ಆದ್ರೆ ಇದು ಎಷ್ಟು ಹಿತವಾಗಿದೆ! ಒಂಚೂರೂ ಅಬ್ಬರ ಇಲ್ಲ. ಹೀಗೇ ಬೇಕು ನಮಗೆ. ಯಾರು ಮಾಡಿಸಿದ್ದು?"

ಅಸ್ಸುಂತೀನಾ ಕೂದಲು ಸರಿಮಾಡಿಕೊಂಡಳು. "ನಾನೇ. ನನ್ನ ಕೈಯಾರೆ."

ಒರೊಂಜೊ ಅಕ್ಕನ ಮುಖ ನೋಡಿದ. "ಮಾತು ಮಾತೇ, ಅಕ್ಕ."

ಎರ್ಸೀಲಿಯಾ ಅಡುಗೆಮನೆಯಿಂದ ಲೋಟದಲ್ಲಿ ನೀರು ತಂದು, ಮೊಣಕಾಲೂರಿ, ಒಂದು ಟೈಲಿನ ಮೇಲೆ ಅಂಗೈಯಿಂದ ಸವರಿದಳು. ಒದ್ದೆಯಾದಲ್ಲಿ ಆ ಕೆಂಪು ಮೊದಲಿನಂತೆಯೇ ಎದ್ದು ಬಂತು. ನೋಡನೋಡುತ್ತಲೇ ಆರತೊಡಗಿತು. ಅವಳು ಮತ್ತೆ ನೀರು ಸವರಿದಳು.

"ಒದ್ದೆ ಮಾಡ್ಬೇಡಿ ಅತ್ತಿಗೆ" ಎಂದು ಅಸ್ಸುಂತೀನಾ ಲೋಟ ಕಿತ್ತುಕೊಂಡಳು. "ಅವರಿಗೆ ಹೀಗೇ ಇಷ್ಟವಂತೆ."