ಬಾಹ್ಯಾಕಾಶದಲ್ಲಿ ಸದ್ದಿಲ್ಲ

ಬಾಹ್ಯಾಕಾಶದ ಧಾರಾವಾಹಿ ಎಂದರೆ ನನಗೆ ಮೊದಲಿನಿಂದಲೂ ಭಯ. ನೋಡದೇ ಇರೋಣವೆಂದರೆ ನನ್ನ ಗಂಡ ರೇನೊ ಬಿಡುವುದಿಲ್ಲ. ಅವನಿಗೆ ಭಯ ಎನ್ನುವುದೇ ಇಲ್ಲ, ಇರುವುದೆಲ್ಲ ಬರೀ ಅಭಿಪ್ರಾಯ. ಮೊಸರಲ್ಲಿ ಕಲ್ಲು ಹುಡುಕುವ ಆಸಾಮಿ. ಬೇರೆ ಗ್ರಹದವರಿಗೆ ನಮ್ಮ ಮಾತು ಹೇಗೆ ಬಂತು, ತೂಕವೇ ಇಲ್ಲದ ಕಡೆ ನಾಯಕಿಯ ಕೂದಲು ಹೇಗೆ ಬೆನ್ನ ಮೇಲೆ ಬಿದ್ದಿದೆ ಎಂದು ಕಂತು ಮುಗಿಯುವವರೆಗೂ ಬೈಯುತ್ತಿರುತ್ತಾನೆ. ಎಲ್ಲಕ್ಕಿಂತ ಸಿಟ್ಟು ನೌಕೆಯ ಸದ್ದಿನ ಮೇಲೆ. ಗಾಳಿಯಿಲ್ಲದ ಕಡೆ ಸದ್ದು ಎಲ್ಲಿಂದ ಬರಬೇಕು? ನೌಕೆ ಗುಡುಗುತ್ತಾ ಹೋದರೆ ಸಾಕು, ಬಟ್ಟಲಿಂದ ಒಂದು ಕಡಲೆಕಾಯಿ ತೆಗೆದು ಟೀವಿಗೆ ಹೊಡೆಯುತ್ತಾನೆ. ಮದುವೆಯಾದಂದಿನಿಂದ ಆ ಸಿಪ್ಪೆ ಗುಡಿಸುತ್ತಿರುವವಳು ನಾನು.

ಭಾನುವಾರ ಮಧ್ಯಾಹ್ನ ಪಕ್ಕದ ಮನೆಯ ವರ್ನಾ ಬರುತ್ತಾಳೆ. ಮೂವರೂ ನೆಲಮಾಳಿಗೆಯಲ್ಲಿ ಪರದೆ ಎಳೆದು ಕೂರುತ್ತೇವೆ. ನಿಯಮ ರೇನೊನದು: ನಡುವೆ ಟೀವಿ ನಿಲ್ಲಿಸುವಂತಿಲ್ಲ, ಹೆದರಿ ಎದ್ದವರು ಮುಂದಿನ ವಾರ ಎಲ್ಲರಿಗೂ ಮಾಂಸ, ಆಲೂಗಡ್ಡೆ, ಚೀಸ್ ಹಾಕಿದ ಹಾಟ್‌ಡಿಷ್ ಬೇಯಿಸಬೇಕು. ನಮ್ಮ ಮನೆಯಲ್ಲಿ ಅದನ್ನು ಬೇಯಿಸುವವರು ಯಾರೆಂದು ಬೇರೆ ಹೇಳಬೇಕಿಲ್ಲ.

ಆ ಭಾನುವಾರ ನಮ್ಮೂರು ಡುಲೂತ್ ಪೂರ್ತಿ ಹಿಮದಲ್ಲಿ ಹೂತಿತ್ತು. ಸರೋವರದ ಕಡೆಯ ಗಾಳಿ ನಮ್ಮ ಗೋಡೆಗೆ ಹಿಮವನ್ನು ಕಿಟಕಿಯೆತ್ತರ ಒಟ್ಟಿತ್ತು. ಹಿಮ ಬಿದ್ದಾಗ ಮೊದಲು ಬಿಡಿಸಬೇಕಾದದ್ದು ಮನೆ ಕಾಯಿಸುವ ಒಲೆಯ ಹೊಗೆ ಹೊರಹೋಗುವ ಕೊಳವೆಯ ಬಾಯಿ. ಅದು ಗೋಡೆಯ ಬುಡದಲ್ಲೇ ಇದೆ. ನಾನು ರೇನೊನ ಕೈಗೆ ಸಲಿಕೆ ತಂದುಕೊಟ್ಟೆ.

"ಕಂತು ಶುರುವಾಯ್ತು ಲೆಂಪಿ, ಮುಗಿದ್ಮೇಲೆ ಹೋಗ್ತೀನಿ. ಹಿಮ ಎಲ್ಲಿ ಓಡಿಹೋಗುತ್ತೆ?" ಎಂದ.

ಟೀವಿಯಲ್ಲಿ ನೌಕೆಯೊಂದರ ಗಾಳಿ ಸೋರುತ್ತಿತ್ತು. ನಾಯಕ ದುರಸ್ತಿಯನ್ನು ಮುಂದೂಡುತ್ತಿದ್ದ.

"ಆಮೇಲೆ ನೋಡೋಣ ಅಂತಾನಲ್ಲ!" ರೇನೊ ತೊಡೆ ತಟ್ಟಿದ. "ಇಂಥ ದಡ್ಡನ ಕೈಗೆ ನೌಕೆ ಕೊಟ್ಟೋರು ಯಾರು?"

ಸ್ವಲ್ಪ ಹೊತ್ತಿಗೆ ಅಲಾರಂ ಸದ್ದು ಬಂತು. ಕೀಂ, ಕೀಂ, ಕೀಂ, ಕೀಂ.

"ನೌಕೆಗೆ ಅಷ್ಟು ದುಡ್ಡು ಸುರಿದಿದಾರೆ, ಅಲಾರಂ ಮಾತ್ರ ಅಡುಗೆಮನೇದು," ಎಂದ. ವರ್ನಾ ಬಿದ್ದು ಬಿದ್ದು ನಕ್ಕಳು.

ನನಗೆ ತಲೆ ಸಿಡಿಯುತ್ತಿತ್ತು. "ಯಾಕೋ ತುಂಬಾ ಭಯ ಆಗ್ತಿದೆ ಕಣೋ," ಎಂದೆ.

"ಈ ಸಲ ಚೀಸ್ ಜಾಸ್ತಿ ಹಾಕೇ, ಪುಕ್ಕಲಿ," ಎಂದಳು ವರ್ನಾ.

ಆಮೇಲೆ ಯಾರೂ ಮಾತಾಡಲಿಲ್ಲ. ತೆರೆಯ ಮೇಲೆ ಸಿಬ್ಬಂದಿ ಒಬ್ಬೊಬ್ಬರಾಗಿ ಕುಸಿಯುತ್ತಿದ್ದರು. ಅವರನ್ನು ಉಳಿಸಲು ಇನ್ನೊಂದು ದೊಡ್ಡ ನೌಕೆ ಕಿವಿ ಕಿವುಡಾಗುವಂತೆ ಗುಡುಗುತ್ತಾ ಬಂತು. ನಾನು ಕಡಲೆಕಾಯಿಗೆ ಕಾದೆ. ನೌಕೆ ಈ ತುದಿಯಿಂದ ಆ ತುದಿಗೆ ಹೋಯಿತು. ಕಡಲೆಕಾಯಿ ಬೀಳಲಿಲ್ಲ.

ಆ ಸದ್ದಿಗೆ ಸುಮ್ಮನಿದ್ದ ರೇನೊನನ್ನು ನಾನು ಎಂದೂ ಕಂಡಿರಲಿಲ್ಲ. ಒಲೆಯ ಕೋಣೆಗೆ ಅಂಟಿದ ಕುರ್ಚಿ ಯಾವಾಗಲೂ ಅವನದೇ. ಅದರಲ್ಲಿ ತಲೆ ವಾಲಿಸಿ ಕೂತಿದ್ದ, ಮುಖ ಕೆಂಪಗಿತ್ತು. ವರ್ನಾ ಬಾಯಿ ತೆರೆದು ಮಲಗಿಬಿಟ್ಟಿದ್ದಳು. ನಾನು ನಿಯಮ ಮುರಿದು ಟೀವಿ ಆರಿಸಿದೆ.

ಕೀಂ, ಕೀಂ, ಕೀಂ, ಕೀಂ.

ಸದ್ದು ನಿಲ್ಲಲಿಲ್ಲ. ಅದು ಬರುತ್ತಿದ್ದದ್ದು ಮೆಟ್ಟಿಲ ಮೇಲಿನ ಮುಚ್ಚಿದ ಬಾಗಿಲಾಚೆಯಿಂದ. ಒಲೆಯ ವಿಷಗಾಳಿ ಮನೆಯೊಳಗೆ ತುಂಬಿದರೆ ಕೂಗಲೆಂದು ಅಲ್ಲಿ ಗೋಡೆಗೆ ಬಿಳಿ ಡಬ್ಬಿ ಹಾಕಿಸಿದ್ದವನೂ ರೇನೊನೇ.

ಅವನ ತೋಳು ಹಿಡಿದೆಳೆದೆ. ಅಲುಗಲಿಲ್ಲ. ಕಾಲು ನಿಲ್ಲದೆ ಮೆಟ್ಟಿಲನ್ನು ಅಂಬೆಗಾಲಲ್ಲಿ ಹತ್ತಿದೆ. ಹಿಂದೆ ಬಿಟ್ಟು ಬರುತ್ತಿದ್ದೇನೆ, ಸತ್ತುಹೋಗುತ್ತಾನೆ ಎಂಬುದೊಂದೇ ತಲೆಯಲ್ಲಿತ್ತು. ಬಾಗಿಲೆಲ್ಲ ತೆರೆದು ಫೋನಿನಲ್ಲಿ ಕಿರುಚಿದೆ. ಅಗ್ನಿಶಾಮಕದವರು ಇಬ್ಬರನ್ನೂ ಹೊತ್ತು ತಂದು ಹಿಮದ ಮೇಲೆ ಮಲಗಿಸಿದರು. ವರ್ನಾ ವಾಂತಿ ಮಾಡಿ ಎದ್ದು ಕೂತಳು. ರೇನೊ ಏಳಲಿಲ್ಲ.

ಆಸ್ಪತ್ರೆಯಲ್ಲಿ ಅವನು ಕಣ್ಣು ಬಿಡುವ ಹೊತ್ತಿಗೆ ನನ್ನ ಪ್ರಾಣ ಬಾಯಿಗೆ ಬಂದಿತ್ತು. "ಲೆಂಪಿ," ಎಂದ. ನಾನು ಅಳುತ್ತಲೇ ನಕ್ಕೆ. ಡಾಕ್ಟರಮ್ಮ ಮಾತ್ರ ನಗಲಿಲ್ಲ.

"ಮೆದುಳಿಗೆ ಬಹಳ ಹೊತ್ತು ಆಮ್ಲಜನಕ ಸಾಲದೆ ಹೋಗಿದೆ. ಏನು ಉಳಿದಿದೆ, ಏನು ಹೋಗಿದೆ ಅಂತ ನಿಧಾನಕ್ಕೆ ಗೊತ್ತಾಗುತ್ತೆ."

ಹೆದರಿದವಳ ಮೇಲೆ ಹಾವು ಎಸೆದ ಹಾಗಾಯಿತು. ಮುಂದಿನ ಭಾನುವಾರ ಮಧ್ಯಾಹ್ನ ಅವನ ಕೋಣೆಯ ಟೀವಿ ಹಾಕಿದೆ, ಅದೇ ಧಾರಾವಾಹಿ. ಚೀಲದಿಂದ ಒಂದು ಕಡಲೆಕಾಯಿ ತೆಗೆದು ಅವನ ಅಂಗೈಯಲ್ಲಿಟ್ಟೆ. ನೌಕೆ ಗುಡುಗುತ್ತಾ ಬಂತು. ಎಸೆಯೋ, ಎಸೆಯೋ ಎಂದು ಒಳಗೊಳಗೇ ಬೇಡಿಕೊಂಡೆ.

ರೇನೊ ಮಗುವಿನ ಹಾಗೆ ನಕ್ಕ. "ಎಷ್ಟು ಚೆನ್ನಾಗಿದೆ ಅಲ್ವಾ, ಆ ಸದ್ದು!"

ಅವನ ಕೈಯಿಂದ ಕಡಲೆಕಾಯಿ ಕಿತ್ತುಕೊಂಡು ಟೀವಿಗೆ ನಾನೇ ಹೊಡೆದೆ. ಬೆಚ್ಚಿಬಿದ್ದು ನನ್ನ ಕಡೆ ತಿರುಗಿದ.

"ಯಾಕೆ ಎಸೆದೆ ಲೆಂಪಿ? ತಿನ್ನೋ ವಸ್ತು ಅಲ್ವಾ?"