ಎರಡನೇ ಏಟು

“ಲೇ ಬೇವರ್ಸಿ, ಕಲೆ ಹಾಗೇ ಇದೆ ನೋಡು. ನಿಮ್ಮಪ್ಪ ಬಂದು ಉಜ್ಜುತ್ತಾನಾ?” ಎನ್ನುತ್ತ ಮೇಸ್ತ್ರಿ ಒದ್ದೆ ಹಾಸುಬಟ್ಟೆಯನ್ನು ಅವಳ ಮುಖಕ್ಕೆ ಎಸೆದ.

ಆಸ್ಪತ್ರೆಯ ಬಟ್ಟೆ ಒಗೆಯುವ ಆ ಲಾಂಡ್ರಿಯಲ್ಲಿ ಅವಳಿಗೆ ಹನ್ನೊಂದು ವರ್ಷವಾಗಿತ್ತು. ಕುದಿಯುವ ತೊಟ್ಟಿಯಿಂದ ಮರದ ಕೋಲಿನಲ್ಲಿ ಬಟ್ಟೆ ಎತ್ತಿ ಹಾಕುವ ಕೆಲಸ. ಮಾತು ಕಡಿಮೆಯಾದ್ದರಿಂದ ಎಲ್ಲರೂ ಮೂಗಿ ಎನ್ನುತ್ತಿದ್ದರು. ಪಕ್ಕದ ತೊಟ್ಟಿ ನಾದಿನಿಯದು. ಗಂಡ ಸತ್ತ ಮೇಲೆ ಮೂಗಿಗೂ ಗಂಡನ ತಂಗಿಗೂ ಒಂದೇ ಕೋಣೆ, ಒಂದೇ ಒಲೆ.

“ರಕ್ತದ ಕಲೆ. ಹೋಗಲ್ಲ,” ಎಂದಳು ಮೂಗಿ.

“ಎದುರು ಮಾತಾಡ್ತೀಯೇನೇ?”

ಮೇಸ್ತ್ರಿ ಅವಳ ಜಡೆ ಸುತ್ತಿ ಹಿಡಿದು ಮುಖವನ್ನು ತೊಟ್ಟಿಯ ಹಬೆಗೆ ಬಗ್ಗಿಸಿದ. ಕೆನ್ನೆ ಸುಟ್ಟಿತು. ಅವಳು ಕೋಲನ್ನು ಹಿಂದಕ್ಕೆ ಬೀಸಿದಳು. ಅವನು ಬಿದ್ದ. ಅವಳು ತಿರುಗುತ್ತಲೇ ಬಿದ್ದವನು ಅವಳ ಕಣಕಾಲು ಹಿಡಿದು ಜಗ್ಗಿದ. ಅವಳ ಬೆನ್ನ ಹಿಂದೆಯೇ ಕುದಿಯುವ ನೀರು. ಅವಳು ಇನ್ನೊಂದು ಏಟು ಹಾಕಿದಳು. ದವಡೆ ಮುರಿಯಿತು.

ಹದಿನಾಲ್ಕು ಆಳುಗಳಲ್ಲಿ ಹದಿಮೂರು ಮಂದಿ ಏನೂ ನೋಡಿರಲಿಲ್ಲವಂತೆ. ಕೋರ್ಟಿನಲ್ಲಿ ಸಾಕ್ಷಿ ಹೇಳಿದವಳು ನಾದಿನಿ ಒಬ್ಬಳೇ. ಲಾಂಡ್ರಿಯ ಧಣಿ ಎದುರಿಗೇ ಕೂತಿದ್ದ. ಅವನ ಮುಖ ನೋಡುತ್ತ ಅವಳು ಹೇಳಿದ್ದು ಇಷ್ಟೇ: “ಅವ್ರು ಕಾಲು ಹಿಡ್ಕೊಂಡಿದ್ರು. ಅತ್ತಿಗೆ ಆಮೇಲೂ ಹೊಡೆದ್ಲು.”

ಕಾಲು ಹಿಡಿದು ಅಂಗಲಾಚಿದವನನ್ನೂ ಬಿಡದೆ ಬಡಿದಳೆಂದು ತೀರ್ಪಾಯಿತು. ಮೊದಲ ಏಟು ಆತ್ಮರಕ್ಷಣೆ, ಎರಡನೆಯದು ಸೇಡು. ಎರಡು ವರ್ಷ ಸಜೆ. ಮೇಲ್ಮನವಿ ಮುಗಿಯುವವರೆಗೆ ಜಾಮೀನು.

ಅವಳು ಮನೆಗೆ ಬಂದಾಗ ನಾದಿನಿಯ ಚಾಪೆ ಇರಲಿಲ್ಲ. ನಲ್ಲಿಯ ಬಳಿ ಮೂಗಿ ಕಾಣಿಸಿದರೆ ಲಾಂಡ್ರಿಯ ಹೆಂಗಸರು ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು ಹೋಗುತ್ತಿದ್ದರು. ಧಣಿಯ ಕಿವಿ ಎಲ್ಲ ಕಡೆ ಇತ್ತು, ಅವರಿಗೂ ಹೊಟ್ಟೆ ಇತ್ತು. ಒಮ್ಮೆ ಒಂಬತ್ತು ದಿನ ಅವಳು ಯಾರೊಂದಿಗೂ ಒಂದು ಮಾತೂ ಆಡಿರಲಿಲ್ಲ. ಹತ್ತನೆಯ ದಿನ, ಗಂಟಲೇ ಹೋಯಿತೇನೋ ಎಂದು ಹೆದರಿ, ಗೋಡೆಯ ಕಡೆ ತಿರುಗಿ “ಊಟ ಆಯ್ತಾ?” ಎಂದು ಕೇಳಿ ನೋಡಿದಳು. ದನಿ ಬಂತು. ಆಮೇಲೆ ಅಳುವೂ ಬಂತು.

ಮೇಲ್ಮನವಿಯ ದಿನ ಸರ್ಕಾರ ಕೊಟ್ಟ ವಕೀಲ ಮೆಟ್ಟಿಲ ಮೇಲೆಯೇ ಹೇಳಿದ: “ನೋಡಮ್ಮ, ಇಲ್ಲಿ ನಿನ್ನನ್ನ ಯಾರೂ ಕೇಳಲ್ಲ. ಹಳೇ ಕಾಗದ ಓದ್ತಾರೆ ಅಷ್ಟೆ. ತೆಪ್ಪಗೆ ನಿಂತ್ಕೋ.”

“ಕಾಗದದಲ್ಲಿ ತಪ್ಪಾಗಿ ಬರ್ದಿದ್ದಾರೆ.”

“ಅದನ್ನ ಈಗ ತಿದ್ದೋಕಾಗಲ್ಲ.”

ಒಳಗೆ ಮುಂದಿನ ಬೆಂಚಿನಲ್ಲಿ ಸೊಟ್ಟ ದವಡೆಯ ಮೇಸ್ತ್ರಿ, ಅವನ ಪಕ್ಕ ಧಣಿ, ಹಿಂದೆ ತಲೆ ತಗ್ಗಿಸಿದ ನಾದಿನಿ ಕೂತಿದ್ದರು. ಮೂಗಿಯ ಕಡೆಯ ಬೆಂಚು ಖಾಲಿ.

ಎದುರು ವಕೀಲ ದಪ್ಪ ಕಾನೂನು ಪುಸ್ತಕ ಹಿಡಿದು ಎದ್ದ. “ಸ್ವಾಮಿ, ನೆಲಕ್ಕೆ ಬಿದ್ದು ಕಾಲು ಹಿಡಿದವನಿಗೆ ಮತ್ತೊಂದು ಏಟು! ಇದ್ಯಾವ ಸೀಮೆ ಆತ್ಮರಕ್ಷಣೆ?”

ಯಾರೋ ನಕ್ಕರು. ನ್ಯಾಯಾಧೀಶರು ಅವಳ ವಕೀಲನತ್ತ ನೋಡಿದರು. “ಇದಕ್ಕೆ ಏನ್ರೀ ಹೇಳ್ತೀರಿ?”

“ಹೆಂಗಸು ಸ್ವಾಮಿ. ಶಿಕ್ಷೆ ಸ್ವಲ್ಪ ಕಡಿಮೆ ಮಾಡಿದ್ರೆ...”

ಮೂಗಿ ಕಟಕಟೆಯಿಂದ ಇಳಿದಳು. ಮೂಲೆಯಲ್ಲಿ ಆಕಳಿಸುತ್ತಿದ್ದ ಪೇದೆಗಳಿಗೆ ಏನಾಗುತ್ತಿದೆ ಎಂದು ತಿಳಿಯುವಷ್ಟರಲ್ಲಿ ಎದುರು ವಕೀಲನ ಮುಂದೆ ಕುಕ್ಕರಗಾಲಲ್ಲಿ ಕೂತು, ಅವನ ಕಣಕಾಲನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಳು. ನೆನೆದ ಬಟ್ಟೆ ಹೊತ್ತು ಗಟ್ಟಿಯಾದ ಕೈ. ಅವನು ಜೋಲಿ ಹೊಡೆದು ಮೇಜು ಹಿಡಿದ.

“ಬಿಡೇ! ಬಿಡೇ ಲೌಡಿ!”

ಪುಸ್ತಕದಿಂದ ಅವಳ ತಲೆಗೆ ಬಡಿದ. ಅವಳು ಬಿಡಲಿಲ್ಲ. ಮತ್ತೆ ಬಡಿದ.



“ಎರಡನೇ ಏಟು ಯಾಕೆ ಹಾಕಿದ್ರಿ ಸ್ವಾಮಿ?” ಎಂದಳು ಅವಳು, ತಲೆಯೆತ್ತಿ. “ನಾನು ಕಾಲು ಹಿಡ್ಕೊಂಡಿದ್ನಲ್ಲ?”

ವಕೀಲ ಎತ್ತಿದ ಪುಸ್ತಕವನ್ನು ಕೆಳಗಿಳಿಸಿದ. ಟೈಪಿಸ್ಟು ಮೆಲ್ಲಗೆ ಕೇಳಿದ: “ಇದನ್ನೂ ಬರ್ಕೊಳ್ಳೋದಾ ಸ್ವಾಮಿ?”

“ಬೇಡ,” ಎಂದರು ನ್ಯಾಯಾಧೀಶರು. “ಕರ್ಕೊಂಡು ಹೋಗಿ ಅವಳನ್ನ.”

ನಾದಿನಿ ಎದ್ದು ನಿಂತಳು. ಅವಳ ತುಟಿ ಅಲುಗಿತು. ಮೂಗಿ ಅವಳನ್ನೇ ನೋಡಿದಳು. ಧಣಿ ಹಿಂದಕ್ಕೆ ಕತ್ತು ಹೊರಳಿಸಿದ. ನಾದಿನಿ ಸೆರಗು ಬಾಯಿಗೆ ಒತ್ತಿಕೊಂಡು ಬಾಗಿಲು ತಳ್ಳಿ ಹೊರಗೆ ಹೋದಳು.

ಇಬ್ಬರು ಪೇದೆಗಳು ಮೂಗಿಯ ರಟ್ಟೆ ಹಿಡಿದು ಎಳೆದರು. ಅವಳ ಜೊತೆಗೇ ವಕೀಲನೂ ಒಂಟಿಕಾಲಲ್ಲಿ ಕುಪ್ಪಳಿಸಿದ.

“ಬರ್ಕೊಳ್ರಿ,” ಎಂದಳು ಮೂಗಿ. “ಬರ್ದು ನಂಗೆ ಓದಿ ಹೇಳಿ. ಆಮೇಲೆ ಬಿಡ್ತೀನಿ.”

ಟೈಪಿಸ್ಟು ನ್ಯಾಯಾಧೀಶರ ಮುಖ ನೋಡಿದ. ನ್ಯಾಯಾಧೀಶರು ಗಡಿಯಾರ ನೋಡಿದರು. ಪೇದೆಗಳು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದರು.